ಮಾನದ ಹೆಸರಿನಲ್ಲಿ ಮುಚ್ಚಿಟ್ಟ ರೋಗ

ಹೆಂಗಸರಿಗೆ ಮೂತ್ರ ಸೋರುವ ವಿಷಯವನ್ನೂ ಪತ್ರಿಕೆಯಲ್ಲಿ ಬರೆಯುವುದೇ ಎಂದು ಮೂಗು ಮುರಿಯುವವರು ಮುರಿಯಲಿ. ಹೆಂಗಸರ ಕಕ್ಕಸಿನ ಪ್ರಶ್ನೆಯನ್ನು ಡಾ. ರಾಮಮನೋಹರ ಲೋಹಿಯಾ ರಾಜಕೀಯದ ಪ್ರಶ್ನೆಯನ್ನಾಗಿ ಮಾಡಿದವರು. ಇದೂ ಅದೇ ಜಾತಿಯ ಪ್ರಶ್ನೆ. ಗುಟ್ಟಾಗಿ ಉಳಿದರೆ ಲಾಭ ಸರ್ಕಾರಕ್ಕೆ. ಯಾರೂ ಹೇಳಿಕೊಳ್ಳದ ರೋಗಕ್ಕೆ ಡಾಕ್ಟರನ್ನು ಕೊಡಬೇಕಾಗಿಲ್ಲ, ಬಜೆಟ್ಟಿನಲ್ಲಿ ಒಂದು ಸಾಲನ್ನೂ ಬರೆಯಬೇಕಾಗಿಲ್ಲ.

ಮಿಲ್ಲುಗಳಲ್ಲಿ ದುಡಿಯುವ ಅಣ್ಣಂದಿರೆ, ಸಂತೆಯಲ್ಲಿ ಅಂಗಡಿ ಹೂಡುವ ಬಂಧುಗಳೆ, ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ನಿಮ್ಮ ಮನೆಗಳಲ್ಲೇ ವಿಚಾರಿಸಿ. ಮೇಲಿಂದ ಮೇಲೆ ಹೆರಿಗೆ, ಬಾಣಂತನ ಮುಗಿಯುವ ಮೊದಲೇ ಬಿಂದಿಗೆ, ಮೂಟೆ, ಸೌದೆ ಹೊರೆ. ಒಲೆಯ ಹೊಗೆಯ ಕೆಮ್ಮು ಬೇರೆ. ಮೂತ್ರನಾಳಕ್ಕೆ ಆಸರೆಯಾದ ಸ್ನಾಯು ಸಡಿಲವಾಗುತ್ತದೆ. ಆಮೇಲೆ ಕೆಮ್ಮಿದರೆ, ಸೀನಿದರೆ, ಭಾರ ಎತ್ತಿದರೆ ಸೀರೆ ಒದ್ದೆ. ಅವಳು ಕೆಲಸಕ್ಕೆ ಹೊರಡುವಾಗ ನೀರು ಕುಡಿಯುವುದನ್ನು ಬಿಡುತ್ತಾಳೆ. ಮದುವೆ, ಜಾತ್ರೆ ಬಿಡುತ್ತಾಳೆ. ಕಡೆಗೆ ಕೂಲಿಯನ್ನೂ ಬಿಡುತ್ತಾಳೆ. ಹೆತ್ತವಳಿಗೆ ಇದೆಲ್ಲ ಇದ್ದದ್ದೇ ಎಂದು ಅತ್ತೆ ಹೇಳುತ್ತಾಳೆ, ಏಕೆಂದರೆ ಅತ್ತೆಗೂ ಯಾರೂ ಔಷಧ ಕೊಟ್ಟಿರಲಿಲ್ಲ.

ಇದ್ದದ್ದೇ ಅಲ್ಲ. ಆ ಸ್ನಾಯುವನ್ನು ಬಿಗಿಹಿಡಿದು ಬಿಡುವ ಕಸರತ್ತನ್ನು ಅಮೆರಿಕದ ಡಾ. ಕೀಗಲ್ 1948ರಲ್ಲೇ ಪ್ರಕಟಿಸಿದರು. ಬಲ್ಲವರು ಕಲಿಸಿಕೊಟ್ಟು ಮೂರು ತಿಂಗಳು ಮಾಡಿಸಿದರೆ ಅನೇಕರಿಗೆ ಗುಣ ಕಾಣುತ್ತದೆ. ಔಷಧಕ್ಕೆ ಬಿಡಿಕಾಸು ಬೇಡ, ಕಲಿಸುವ ಒಬ್ಬ ನರ್ಸು ಸಾಕು. ನಮ್ಮ ನಾಲ್ಕು ತಾಲ್ಲೂಕು ಆಸ್ಪತ್ರೆಗಳಲ್ಲಿ ಹೆರಿಗೆಯಾದ ಎಷ್ಟು ತಾಯಂದಿರಿಗೆ ಇದನ್ನು ಕಲಿಸಿದ್ದೀರಿ? ಆರೋಗ್ಯ ಇಲಾಖೆ ಉತ್ತರ ಕೊಡಲಿ.

ಕಸರತ್ತಿನಿಂದ ಗುಣವಾಗದಿದ್ದರೆ ಆಪರೇಷನ್ ಉಂಟು. ಮಗುವಿಗೆ ಜೋಲಿ ಕಟ್ಟಿದ ಹಾಗೆ ಮೂತ್ರನಾಳದ ಕೆಳಗೆ ಒಂದು ಪಟ್ಟಿಯ ಆಸರೆ ಕೊಡುವುದು. ರೋಗಿಯ ಹೊಟ್ಟೆಯ ಗೋಡೆಯ ಗಟ್ಟಿ ಪೊರೆಯಿಂದಲೇ ಪಟ್ಟಿ ತೆಗೆದು ಕಟ್ಟುವ ವಿಧಾನವನ್ನು ಡಾ. ಆಲ್ಡ್ರಿಜ್ 1942ರಲ್ಲಿ ವರ್ಣಿಸಿದ್ದರು. 1996ರಲ್ಲಿ ಸ್ವೀಡನ್ನಿನ ಡಾ. ಉಲ್ಮ್‌ಸ್ಟೆನ್ ಮತ್ತು ಸಂಗಡಿಗರು ಪಾಲಿಪ್ರೊಪಿಲೀನ್ ಜಾಲರಿಯ ಪಟ್ಟಿಯನ್ನು ತಂದರು. ಅಕ್ಕಿ ಗಿರಣಿಯ ಪ್ಲಾಸ್ಟಿಕ್ ಚೀಲ ನೇಯುವುದು ಇದೇ ಜಾತಿಯ ವಸ್ತುವಿನಿಂದ. ಗಾಯ ಸಣ್ಣದು, ಅರ್ಧ ಗಂಟೆಯ ಕೆಲಸ, ಬೇಗ ಮನೆಗೆ ಹೋಗಬಹುದು. ಬಹಳ ಹೆಂಗಸರಿಗೆ ಇದರಿಂದ ಸುಖವಾಗಿದೆ, ಅದನ್ನು ಅಲ್ಲಗಳೆಯಬೇಕಾಗಿಲ್ಲ. ಪೊರೆಯ ಜೋಲಿಗೆ ದೊಡ್ಡ ಗಾಯ ಬೇಕು, ಕೆಲವರಿಗೆ ಆಮೇಲೆ ಮೂತ್ರ ಕಟ್ಟುವುದೂ ಉಂಟು.

ಆದರೆ ಸ್ವಂತ ಮೈಯ ಪೊರೆಯನ್ನು ಯಾವ ಕಂಪೆನಿಯೂ ಮಾರಲಾರದು, ಜಾಲರಿಯನ್ನು ಮಾರಬಹುದು. ಮಾರಿದರು. ಕೆಲವರಲ್ಲಿ ಅದು ಒಳಗೇ ಕೊರೆದು ಹೊರಬಂತು. ತೀರದ ನೋವು, ದಾಂಪತ್ಯ ಅಸಾಧ್ಯ, ಹೊರತೆಗೆಯುವುದೂ ಸುಲಭವಲ್ಲ. ಇಂಗ್ಲೆಂಡಿನಲ್ಲಿ 2018ರ ಜುಲೈಯಲ್ಲಿ ಈ ಪಟ್ಟಿಯ ಬಳಕೆಗೆ ತಡೆ ಬಿತ್ತು. 2019ರಲ್ಲಿ ಆಸ್ಟ್ರೇಲಿಯಾದ ಫೆಡರಲ್ ನ್ಯಾಯಾಲಯ ಜಾನ್ಸನ್ ಅಂಡ್ ಜಾನ್ಸನ್ ಕಂಪೆನಿಯ ವಿರುದ್ಧ ತೀರ್ಪಿತ್ತಿತು. 2022ರಲ್ಲಿ ಕಂಪೆನಿ 30 ಕೋಟಿ ಆಸ್ಟ್ರೇಲಿಯಾ ಡಾಲರ್ ಕೊಡಲು ಒಪ್ಪಿತು. ಅಲ್ಲಿಯ ಹೆಂಗಸರು ಒಟ್ಟುಗೂಡಿ ಹೋರಾಡಿದ್ದರಿಂದ ಇದಾಯಿತು.

ಇಲ್ಲಿ? ವೈದ್ಯ ಸಾಧನಗಳಿಂದಾಗುವ ಹಾನಿಯನ್ನು ದಾಖಲು ಮಾಡಲು 2015ರಲ್ಲಿ ಕೇಂದ್ರ ಸರ್ಕಾರ ಒಂದು ಕಾರ್ಯಕ್ರಮ ತೆರೆಯಿತು, ಅದರ ಗಾದಿ ಗಾಜಿಯಾಬಾದಿನಲ್ಲಿ. ತನ್ನ ಮೈಯೊಳಗೆ ಏನು ಇಟ್ಟಿದ್ದಾರೆಂದೇ ತಿಳಿಯದೆ ಹೆಬ್ಬೆಟ್ಟು ಒತ್ತಿದ ಪಾವಗಡದ ಹೆಂಗಸು ಗಾಜಿಯಾಬಾದಿಗೆ ಏನೆಂದು ದೂರು ಬರೆಯಬೇಕು? ಕಲಬುರಗಿ ಜಿಲ್ಲೆಯಲ್ಲಿ ಲಂಬಾಣಿ, ದಲಿತ ಹೆಂಗಸರ ಗರ್ಭಕೋಶಗಳನ್ನು ಖಾಸಗಿ ಆಸ್ಪತ್ರೆಗಳಲ್ಲಿ ಬೇಕಿಲ್ಲದೆ ತೆಗೆದ ಸಂಗತಿ 2015ರಲ್ಲಿ ಹೊರಬಿದ್ದದ್ದನ್ನು ಮರೆಯಬೇಡಿ. ಬಡವರ ಮೈಗೆ ಚಿಕಿತ್ಸೆ ಇಲ್ಲ, ಇಲ್ಲವೇ ಬೇಡದ ಚಿಕಿತ್ಸೆ! (ಮೂತ್ರ ಸೋರುವುದಕ್ಕೆ ಗರ್ಭಕೋಶ ತೆಗೆಯುವುದು ಮದ್ದಲ್ಲವೆಂದೂ ತಿಳಿದಿರಲಿ.)

ಪಾವಗಡದಿಂದ ತುಮಕೂರಿಗೆ ಸುಮಾರು 100 ಕಿಲೋಮೀಟರ್. 2023ರ ಜೂನಿನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲ, ಸಂತೋಷ. ಆದರೆ ಬಸ್ಸು ಕುಲುಕಿದಾಗೆಲ್ಲ ಬಟ್ಟೆ ಒದ್ದೆಯಾಗುವವಳು ಅಷ್ಟು ದೂರ ಕೂತು ಬರುವುದು ಹೇಗೆ? ಆ ದಿನದ ಕೂಲಿ ಯಾರು ಕೊಡುತ್ತಾರೆ?

ಆದ್ದರಿಂದ ನಾವು ಕೇಳುವುದಿಷ್ಟು. ಬಾಣಂತಿಯರನ್ನು ನೋಡಲು ಬರುವ ಆಶಾ ಕಾರ್ಯಕರ್ತೆಯರು ಈ ಪ್ರಶ್ನೆಯನ್ನೂ ಕೇಳಲಿ. ನಾಲ್ಕು ತಾಲ್ಲೂಕು ಆಸ್ಪತ್ರೆಗಳಲ್ಲೂ ಕಸರತ್ತು ಕಲಿಸುವ ನರ್ಸು ಇರಲಿ. ತುಮಕೂರಿನ ಜಿಲ್ಲಾ ಆಸ್ಪತ್ರೆಯಲ್ಲಿ ಜೋಲಿ ಆಪರೇಷನ್ ಪುಕ್ಕಟೆಯಾಗಿ ನಡೆಯಲಿ. ಪೊರೆಯೋ ಜಾಲರಿಯೋ ಎಂಬುದನ್ನು ಎರಡರ ಗುಣದೋಷವನ್ನು ಕನ್ನಡದಲ್ಲಿ ಕೇಳಿ ತಿಳಿದ ಮೇಲೆ ಆಕೆಯೇ ಹೇಳಲಿ. ಜಾಲರಿ ಹಾಕಿದರೆ ಕಂಪೆನಿಯ ಹೆಸರು, ಪಟ್ಟಿಯ ನಂಬರು, ತಾರೀಖು ಬರೆದ ಚೀಟಿ ಆಕೆಯ ಕೈಗೆ ಬರಲಿ. ಕೆಮ್ಮಿದಾಗ ಸೋರುವುದಕ್ಕೆ ಮಾತ್ರ ಈ ಆಪರೇಷನ್; ಅವಸರವಾಗಿ ಬಂದು ತಡೆಯಲಾರದ ತೊಂದರೆಗೆ ಬೇರೆ ಔಷಧವಿದೆ. ಈ ವ್ಯತ್ಯಾಸ ವಿಚಾರಿಸದೆ ಕತ್ತರಿ ಎತ್ತುವ ಡಾಕ್ಟರ ಮುಂದೆ ಹೆಬ್ಬೆಟ್ಟು ಒತ್ತಬೇಡಿರಿ.