ಸಾರವಾಡದ ಆಯಿ ಸಮುದ್ರ ಕಂಡಳು

ಮಕ್ಕಳೇ, ನಮ್ಮೂರು ಸಾರವಾಡ ಅಂತ ನಿಮಗೆ ಗೊತ್ತೇ ಇದೆ. ಬಬಲೇಶ್ವರ ತಾಲೂಕು, ಎರೆಮಣ್ಣಿನ ಹೊಲ, ಊರ ಪಕ್ಕದಲ್ಲಿ ಡೋಣಿ ಹೊಳೆ. ಡೋಣಿ ತುಂಬಿ ಹರಿದರೆ ಓಣಿ ತುಂಬ ಜೋಳ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಆದರೆ ಅದರ ನೀರು ಬಾಯಿಗೆ ಹಾಕಿದರೆ ಸವಳು. ‘ಉಪ್ಪು ನೀರು ನೋಡಾಕ ಅಷ್ಟು ದೂರ ಯಾಕ ಹೋಗಬೇಕು? ನಮ್ಮ ಡೋಣಿ ಇಲ್ಲೇನು?’ ಎಂದು ನಮ್ಮ ಮನೆಯವಳು ನಲವತ್ತು ವರ್ಷ ನನ್ನ ಬಾಯಿ ಮುಚ್ಚಿಸಿದ್ದಳು. ಅರವತ್ತೇಳು ವರ್ಷವಾದರೂ ಅವಳು ಸಮುದ್ರ ನೋಡಿರಲಿಲ್ಲ.

ಮಗಳು ಮಂಗಳೂರಿನಲ್ಲಿದ್ದಾಳೆ. ಕಳೆದ ಡಿಸೆಂಬರ್ ಕೊನೆಯಲ್ಲಿ ಅವಳೇ ಹಟ ಹಿಡಿದು ಕರೆಸಿಕೊಂಡಳು. ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು, ನಾಲ್ಕನೇ ತರಗತಿಯ ಮೊಮ್ಮಗನನ್ನೂ ಕರೆದುಕೊಂಡು ವಿಜಯಪುರದಲ್ಲಿ ಮಂಗಳೂರು ರೈಲು ಹತ್ತಿದೆವು. ಸಕಲೇಶಪುರ ದಾಟಿದ ಮೇಲೆ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗೆ ಘಟ್ಟದ ಹಾದಿ. ಅಲ್ಲಿ 57 ಸುರಂಗಗಳಿವೆ. ಹುಡುಗ ಕಿಟಕಿಗೆ ಮೂಗು ಹಚ್ಚಿ ಎಣಿಸಲು ಕುಳಿತ. ಮೂವತ್ತೊಂದಕ್ಕೆ ಲೆಕ್ಕ ತಪ್ಪಿತು. ‘ಮುತ್ಯಾ, ಬರುವಾಗ ಮತ್ತ ಮೊದಲಿಂದ ಎಣಿಸೂಣು’ ಎಂದ.

ಮಗಳ ಮನೆಯಲ್ಲಿ ಏಳನೇ ತರಗತಿಯ ಮೊಮ್ಮಗಳು ಕಾಗದ, ಪೆನ್ಸಿಲು ಹರಡಿಕೊಂಡು ಕುಳಿತಿದ್ದಳು. ಶಾಲೆಯಲ್ಲಿ ಪ್ರಬಂಧ ಸ್ಪರ್ಧೆಯಂತೆ. ವಿಷಯ: ‘ನಮ್ಮ ಕಡಲತೀರಕ್ಕೆ ಹೆಚ್ಚು ಪ್ರವಾಸಿಗರು ಬರುವಂತೆ ಮಾಡುವುದು ಹೇಗೆ?’ ಅವಳ ಪಟ್ಟಿ ಆಗಲೇ ಸಿದ್ಧವಾಗಿತ್ತು. ಒಂದು, ದೇಶದಲ್ಲೇ ದೊಡ್ಡ ತಿರುಗು ತೊಟ್ಟಿಲು. ಎರಡು, ಗಾಜಿನ ಸೇತುವೆ. ಮೂರು, ರಾತ್ರಿಯಿಡೀ ಬಣ್ಣಬಣ್ಣದ ದೀಪ. ನಾಲ್ಕು, ಮರಳಿನ ಮೇಲೆಯೇ ಹೋಟೆಲುಗಳು.

‘ಎಂತ ಮುತ್ಯಾ, ಇಷ್ಟು ಸಾಕಲ್ವಾ?’ ಎಂದು ಕೇಳಿದಳು.

‘ನನ್ನ ಕೇಳಬ್ಯಾಡವ್ವಾ. ನಾಳೆ ನಿಮ್ಮ ಆಯಿನೇ ಪ್ರವಾಸಿ. ಆಕಿನ್ನ ಕರಕೊಂಡು ಹೋಗು, ನೋಡು, ಆಮ್ಯಾಲ ಬರಿ’ ಎಂದೆ.

ಮರುದಿನ ಸುಲ್ತಾನ್ ಬತ್ತೇರಿಗೆ ಹೋದೆವು. ಟಿಪ್ಪು ಸುಲ್ತಾನನ ಕಾಲದ ಕಾವಲು ಬುರುಜು ಅದು. ಅದರ ಬುಡದಿಂದ ದೋಣಿ ಹತ್ತಿದರೆ ಗುರುಪುರ ನದಿ ದಾಟಿ ಆಚೆ ದಡ. ಆ ದಡದ ನೆಲ ಉದ್ದನೆಯ ಪಟ್ಟಿಯಂತಿದೆ. ಒಂದು ಬದಿ ನದಿ, ಇನ್ನೊಂದು ಬದಿ ಅರಬ್ಬಿ ಸಮುದ್ರ. ತಣ್ಣೀರುಬಾವಿ ತೀರ ಇರುವುದು ಅಲ್ಲಿಯೇ. ದೋಣಿ ಹತ್ತುವಾಗ ನಮ್ಮ ಮನೆಯವಳು ನನ್ನ ತೋಳು ಗಟ್ಟಿಯಾಗಿ ಹಿಡಿದಿದ್ದಳು. ಗಾಳಿಮರಗಳನ್ನು ದಾಟಿ ಮರಳಿಗೆ ಬಂದು ನಿಂತಳು. ಬಹಳ ಹೊತ್ತು ಮಾತಿಲ್ಲ. ಕೊನೆಗೆ, ‘ಇದಕ್ಕ ಆಚಿ ದಂಡಿ ಇಲ್ಲೇನ್ರಿ?’ ಎಂದಳು. ಅಷ್ಟೇ. ಆ ಮುಖ ನೋಡಿದ ಮೊಮ್ಮಗಳು ತಾನು ದಿನಾ ಕಾಣುವ ಸಮುದ್ರವನ್ನು ಹೊಸದಾಗಿ ನೋಡಿದಳು.

ಆ ವಾರ ನಾಲ್ಕೈದು ಕಡಲತೀರ ಸುತ್ತಿದೆವು. ಅವುಗಳಲ್ಲಿ ಒಂದು ಕಡೆ ನಡೆದದ್ದು ಹೇಳುತ್ತೇನೆ. ಯಾವ ತೀರ ಎಂಬುದು ಬೇಡ. ಮಧ್ಯಾಹ್ನ ಅವಳಿಗೆ ಶೌಚಾಲಯಕ್ಕೆ ಹೋಗಬೇಕಾಯಿತು. ಕಟ್ಟಡ ಇತ್ತು, ಬಣ್ಣವೂ ಹೊಸದಾಗಿತ್ತು, ಬಾಗಿಲಿಗೆ ಕೀಲಿ ಹಾಕಿತ್ತು. ಕೀಲಿಕೈ ಯಾರ ಹತ್ತಿರ ಇದೆ ಎಂದು ಯಾರಿಗೂ ತಿಳಿಯದು. ಕುಡಿಯುವ ನೀರಿನ ನಲ್ಲಿ ಒಣಗಿತ್ತು. ನೆರಳೆಂದರೆ ಒಂದು ಐಸ್‌ಕ್ರೀಮ್ ಗಾಡಿಯ ಕೊಡೆ. ಮಂಡಿ ನೋವಿನವಳು, ಮರಳಿನಲ್ಲಿ ಕಾಲು ಹೂಳುತ್ತ ರಸ್ತೆಯವರೆಗೆ ನಡೆದು, ಆಟೋ ಹಿಡಿದು ಮನೆಗೆ ಬಂದಳು. ಹೊಳೆಯುವ ಸಮುದ್ರ ಬೆನ್ನ ಹಿಂದೆಯೇ ಉಳಿಯಿತು. ಸಂಜೆ ಮೊಮ್ಮಗಳು, ‘ಆಯಿ, ನಾಳೆ ಮತ್ತೆ ಹೋಗುವನಾ?’ ಎಂದು ಕೇಳಿದಾಗ ಅವಳು, ‘ನೀವು ಹೋಗಿ ಬರ್ರಿ, ನಾ ಮನ್ಯಾಗ ಇರತೀನಿ’ ಎಂದಳು.

ಮೊಮ್ಮಗಳು ಆ ರಾತ್ರಿ ತನ್ನ ಪಟ್ಟಿಯಲ್ಲಿ ತಿರುಗು ತೊಟ್ಟಿಲಿನ ಮೇಲೆ ಗೆರೆ ಎಳೆದು, ಆ ಜಾಗದಲ್ಲಿ ‘ತೆರೆದ ಶೌಚಾಲಯ’ ಎಂದು ಬರೆದಳು. ಅವಳ ಅಪ್ಪ ಓದಿ ನಕ್ಕು, ‘ಬಾಗಿಲು ತೆರೆದಿರುವ ಶೌಚಾಲಯ ಅಂತ ಬರಿ ಮಗಾ, ಇಲ್ಲದಿದ್ದರೆ ಅರ್ಥವೇ ಬೇರೆ ಆಗ್ತದೆ’ ಎಂದರು. ನಾವೆಲ್ಲ ನಕ್ಕೆವು. ಆದರೆ ವಿಷಯ ನಗುವಂಥದ್ದಲ್ಲ. ಊರಿನ ಮುದುಕಿ, ಎಳೆಗೂಸಿನ ತಾಯಿ, ಗಾಲಿಕುರ್ಚಿಯಲ್ಲಿ ಬರುವವರು ಇವರಿಗೆ ಅನುಕೂಲವಾದರೆ ಒಬ್ಬರ ಹಿಂದೆ ಇಡೀ ಮನೆಯೇ ಬರುತ್ತದೆ. ಆಗದಿದ್ದರೆ ಇಡೀ ಮನೆಯೇ ಉಳಿಯುತ್ತದೆ.

ಇದನ್ನು ಅಳೆಯುವ ಒಂದು ಪದ್ಧತಿ ಜಗತ್ತಿನಲ್ಲಿದೆ. ಅದರ ಹೆಸರು ‘ಬ್ಲೂ ಫ್ಲ್ಯಾಗ್’, ನೀಲಿ ಬಾವುಟ. 1985ರಲ್ಲಿ ಫ್ರಾನ್ಸಿನಲ್ಲಿ ಶುರುವಾದದ್ದು. ಈಗ ಡೆನ್ಮಾರ್ಕಿನಲ್ಲಿ ಕಚೇರಿ ಇರುವ ಒಂದು ಪರಿಸರ ಶಿಕ್ಷಣ ಸಂಸ್ಥೆ ಅದನ್ನು ನಡೆಸುತ್ತದೆ. ತೀರವೊಂದಕ್ಕೆ ಆ ಬಾವುಟ ಸಿಗಬೇಕಾದರೆ 33 ನಿಯಮಗಳಿವೆ. ನೀರಿನ ಪರೀಕ್ಷೆ ಆಗುತ್ತಿರಬೇಕು, ಕೊಳಚೆ ಬಂದು ಸೇರಬಾರದು, ಕಸದ ಬುಟ್ಟಿ, ಶೌಚಾಲಯ, ಕುಡಿಯುವ ನೀರು, ಪ್ರಥಮ ಚಿಕಿತ್ಸೆ, ಜೀವರಕ್ಷಕರು ಇರಬೇಕು. ಅಂಗವಿಕಲರಿಗೂ ದಾರಿ ಇರಬೇಕು. 2020ರ ಅಕ್ಟೋಬರ್‌ನಲ್ಲಿ ಭಾರತದ 8 ತೀರಗಳಿಗೆ ಮೊದಲ ಬಾರಿಗೆ ಈ ಬಾವುಟ ಸಿಕ್ಕಿತು. ಅದರಲ್ಲಿ ಎರಡು ನಮ್ಮ ಕರ್ನಾಟಕದವು: ಉಡುಪಿ ಜಿಲ್ಲೆಯ ಪಡುಬಿದ್ರಿ, ಉತ್ತರ ಕನ್ನಡದ ಹೊನ್ನಾವರ ತಾಲೂಕಿನ ಕಾಸರಕೋಡು. ಹೆಮ್ಮೆಯ ಮಾತಲ್ಲವೇ? ಆದರೆ ಇದರಲ್ಲಿ ನನಗೆ ಹಿಡಿಸಿದ್ದು ಇನ್ನೊಂದು. ಬಾವುಟ ಒಮ್ಮೆ ಬಂದರೆ ಮುಗಿಯಿತು ಎಂದಿಲ್ಲ. ವರ್ಷವರ್ಷವೂ ಮತ್ತೆ ಪರೀಕ್ಷೆ. ನೀವು ಆರನೇ ತರಗತಿಯಲ್ಲಿ ಪಾಸಾದಿರಿ ಎಂದು ಏಳನೆಯದರಲ್ಲಿ ಓದದೆ ಇದ್ದರೆ ನಡೆಯುತ್ತದೆಯೇ? ಹಾಗೆ.

ಇನ್ನು ಎರಡನೆಯ ಮಾತು, ಎಲ್ಲಕ್ಕಿಂತ ದೊಡ್ಡದು. ಅಜ್ಜ ಅಜ್ಜಿಯರೂ ಇದನ್ನು ಓದಬೇಕು.

ನಮ್ಮ ಬಯಲುಸೀಮೆಯ ಮಕ್ಕಳಿಗೆ ಬಾವಿ ಗೊತ್ತು, ಕಾಲುವೆ ಗೊತ್ತು, ಸಮುದ್ರ ಗೊತ್ತಿಲ್ಲ. ಡಿಸೆಂಬರ್ ಬಂದರೆ ಸಾವಿರಾರು ಮಕ್ಕಳು ಶಾಲಾ ಪ್ರವಾಸದ ಬಸ್ಸಿನಲ್ಲಿ ಕರಾವಳಿಗೆ ಹೋಗುತ್ತಾರೆ. 2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯಿಂದ ಹಾಗೆ ಬಂದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದಲ್ಲಿ ನೀರುಪಾಲಾದರು. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ. ಆ ಮಕ್ಕಳೂ ನಮ್ಮ ಮೊಮ್ಮಕ್ಕಳಂತೆ ರಾತ್ರಿಯೆಲ್ಲ ನಿದ್ದೆಗೆಟ್ಟು, ಸಮುದ್ರ ನೋಡುವ ಆಸೆಯಿಂದ ಬಂದವರು.

ಮರಳಿನ ಮೇಲೆ ನಿಂತು ಮೊಮ್ಮಗಳೇ ನಮ್ಮ ಸಣ್ಣವನಿಗೆ ಪಾಠ ಹೇಳಿದಳು. ಅದನ್ನು ಇಲ್ಲಿ ಬರೆಯುತ್ತೇನೆ. ಅಲೆಗಳು ನೀರನ್ನು ದಡಕ್ಕೆ ತಳ್ಳುತ್ತಲೇ ಇರುತ್ತವೆ. ಬಂದ ನೀರು ಹಿಂದಕ್ಕೆ ಹೋಗಬೇಕಲ್ಲ? ಅದು ಮರಳಿನ ನಡುವೆ ತಗ್ಗಾದ ಒಂದು ಜಾಡು ಹಿಡಿದು ರಭಸದಿಂದ ಒಳಕ್ಕೆ ಹೋಗುತ್ತದೆ. ಆ ಜಾಡಿನಲ್ಲಿ ಅಲೆ ಹೆಚ್ಚು ಒಡೆಯುವುದಿಲ್ಲ, ನೀರು ಅಕ್ಕಪಕ್ಕಕ್ಕಿಂತ ಶಾಂತವಾಗಿ, ಕಪ್ಪಾಗಿ ಕಾಣುತ್ತದೆ. ಗೊತ್ತಿಲ್ಲದವರು ‘ಇಲ್ಲಿ ಅಲೆ ಕಡಿಮೆ, ಇಲ್ಲೇ ಇಳಿಯೋಣ’ ಎನ್ನುತ್ತಾರೆ. ಅಲ್ಲಿಯೇ ಸೆಳೆತ ಹೆಚ್ಚು. ಸಿಕ್ಕಿಕೊಂಡರೆ ನೇರ ದಡದ ಕಡೆ ಈಜಲು ಹೋಗಿ ದಣಿಯಬಾರದು. ತೇಲುತ್ತ, ಕೈ ಎತ್ತಿ ಕೂಗಬೇಕು. ಈಜು ಬಲ್ಲವರು ದಡಕ್ಕೆ ಸಮಾನಾಂತರವಾಗಿ, ಅಂದರೆ ಪಕ್ಕಕ್ಕೆ ಈಜಿ, ಸೆಳೆತ ತಪ್ಪಿದ ಮೇಲೆ ದಡಕ್ಕೆ ಬರಬೇಕು. ಈಜು ಬಾರದವರು ಪಾದ ಮುಳುಗುವಷ್ಟರಲ್ಲೇ ನಿಲ್ಲಬೇಕು. ಕೆಂಪು ಬಾವುಟ ಇದ್ದರೆ ಇಳಿಯಲೇಬಾರದು. ಕೆಂಪು ಹಳದಿ ಬಣ್ಣದ ಎರಡು ಬಾವುಟಗಳಿದ್ದರೆ ಅವುಗಳ ನಡುವಿನ ಜಾಗದ ಮೇಲೆ ಜೀವರಕ್ಷಕರ ಕಣ್ಣಿದೆ ಎಂದು ಅರ್ಥ.

‘ಇದನ್ನ ನಮ್ಮ ಸಾಲ್ಯಾಗ ಯಾರೂ ಹೇಳಿಲ್ಲಲ್ಲ ಮುತ್ಯಾ’ ಎಂದ ಸಣ್ಣವ. ನಿಜ. ಕರಾವಳಿಯ ನಗರ ತನ್ನ ಚಂದದ ಚಿತ್ರಗಳನ್ನು ಊರೂರಿಗೆ ಕಳಿಸುತ್ತದೆ. ಅದರ ಜೊತೆ ಈ ಒಂದು ಪುಟ ಪಾಠವನ್ನೂ ಶಾಲೆಗಳಿಗೆ ಕಳಿಸಿದರೆ, ಬಸ್ಸು ಹೊರಡುವ ಮೊದಲೇ ಗುರುಗಳು ಮಕ್ಕಳಿಗೆ ಓದಿ ಹೇಳಬಹುದು. ಮಕ್ಕಳು ಕ್ಷೇಮವಾಗಿ ಮನೆಗೆ ಬಂದರೆ ಮರುವರ್ಷ ಅಪ್ಪ ಅವ್ವನನ್ನೂ ಎಳೆದುಕೊಂಡು ಹೋಗುತ್ತಾರೆ. ಅದಕ್ಕಿಂತ ಒಳ್ಳೆಯ ಜಾಹೀರಾತು ಬೇಕೆ?

ಮೂರನೆಯದು, ಬಂದವರನ್ನು ಉಳಿಸಿಕೊಳ್ಳುವುದು. ಇದು ನಮ್ಮ ವಿಜಯಪುರದ ಕಷ್ಟವೂ ಹೌದು. ಪ್ರವಾಸಿಗರು ಬೆಳಿಗ್ಗೆ ಬರುತ್ತಾರೆ, ಗೋಳಗುಮ್ಮಟದಲ್ಲಿ ಒಮ್ಮೆ ಕೂಗಿ ಪ್ರತಿಧ್ವನಿ ಕೇಳುತ್ತಾರೆ, ಊಟ ಮುಗಿಸಿ ಬಾದಾಮಿಯ ಹಾದಿ ಹಿಡಿಯುತ್ತಾರೆ. ಇಬ್ರಾಹಿಂ ರೋಜಾದ ಮುಂದೆ ಒಂದು ಸಂಜೆ ಕೂರುವವರು ಎಷ್ಟು ಜನ? ಕಡಲತೀರವೂ ಹಾಗೆಯೇ. ಕಾಲು ನೆನೆಸಿ, ಫೋಟೋ ತೆಗೆದು ಹೊರಟರೆ ಊರಿಗೆ ಉಳಿಯುವುದು ಕಸ ಮಾತ್ರ.

ಮಂಗಳೂರಿಗೆ ಆ ಬಡತನವಿಲ್ಲ. ಪಣಂಬೂರಿನ ಮರಳಿನಲ್ಲಿ ಕುಳಿತರೆ ನವಮಂಗಳೂರು ಬಂದರಿಗೆ ಕಾಯುವ ಹಡಗುಗಳು ಕಾಣುತ್ತವೆ. ಸಸಿಹಿತ್ಲಿನಲ್ಲಿ ನಂದಿನಿ, ಶಾಂಭವಿ ನದಿಗಳು ಕಡಲು ಸೇರುತ್ತವೆ. 2016ರಲ್ಲಿ ಅಲ್ಲಿ ಅಲೆಯ ಮೇಲೆ ಹಲಗೆ ಹಾಕಿ ಜಾರುವ ಸರ್ಫಿಂಗ್ ಆಟದ ರಾಷ್ಟ್ರಮಟ್ಟದ ಸ್ಪರ್ಧೆ ನಡೆಯಿತು. ಕದ್ರಿ ದೇವಸ್ಥಾನದಲ್ಲಿ 968ನೇ ಇಸವಿಯ ಕಂಚಿನ ಲೋಕೇಶ್ವರ ಮೂರ್ತಿಯಿದೆ. ಅಲೋಶಿಯಸ್ ಕಾಲೇಜಿನ ಚರ್ಚಿನ ಗೋಡೆ, ಚಾವಣಿಗಳ ಮೇಲೆ ಇಟಲಿಯ ಅಂತೋನಿಯೊ ಮೊಸ್ಕೆನಿ ಬಿಡಿಸಿದ, ನೂರು ವರ್ಷಕ್ಕೂ ಹಳೆಯ ಚಿತ್ರಗಳಿವೆ. ರಾತ್ರಿಯಾದರೆ ಎಲ್ಲಾದರೂ ಯಕ್ಷಗಾನದ ಚೆಂಡೆ. ತಿನ್ನಲು ನೀರುದೋಸೆ, ಗೋಳಿಬಜೆ. ಇವನ್ನೆಲ್ಲ ಒಂದು ಬಸ್ಸಿನ ಚೀಟಿ, ಒಂದು ನಕ್ಷೆ ಹೊಲಿದು ಜೋಡಿಸಿದರೆ ಸಾಕು. ಬಂದವರು ಎರಡು ರಾತ್ರಿ ನಿಲ್ಲುತ್ತಾರೆ. ದೋಣಿಯವರಿಗೆ, ಗೋಳಿಬಜೆ ಕರಿಯುವವರಿಗೆ, ಆಟೋದವರಿಗೆ ಎಲ್ಲರಿಗೂ ನಾಲ್ಕು ಕಾಸು.

ನಾಲ್ಕನೆಯದು ಮೊಮ್ಮಗಳ ‘ರಾತ್ರಿಯಿಡೀ ಬಣ್ಣದ ದೀಪ’. ಇದನ್ನು ಹೊಡೆದುಹಾಕಿದ್ದು ಒಂದು ಆಮೆ! ‘ಆಲಿವ್ ರಿಡ್ಲಿ’ ಎಂಬ ಕಡಲಾಮೆಗಳು ರಾತ್ರಿಯ ಕತ್ತಲೆಯಲ್ಲಿ ಮರಳಿಗೆ ಬಂದು ಗುಂಡಿ ತೋಡಿ ಮೊಟ್ಟೆ ಇಡುತ್ತವೆ. 2024ರ ಆರಂಭದಲ್ಲಿ ಮಂಗಳೂರಿನ ಸುತ್ತಲ ತೀರಗಳಲ್ಲಿ ಅವುಗಳ ಗೂಡು ಕಂಡವು, ಅರಣ್ಯ ಇಲಾಖೆಯವರು ಬೇಲಿ ಹಾಕಿ ಕಾದರು. ಮೊಟ್ಟೆಯೊಡೆದ ಮರಿಗಳು ಬೆಳಕು ಕಂಡ ಕಡೆ ಓಡುತ್ತವೆ. ಕತ್ತಲ ರಾತ್ರಿಯಲ್ಲಿ ಆಕಾಶದಡಿ ಮಿನುಗುವ ಸಮುದ್ರವೇ ಅವಕ್ಕೆ ಬೆಳಕು. ದಡದಲ್ಲಿ ದೊಡ್ಡ ದೀಪ ಉರಿದರೆ ಪಾಪ, ರಸ್ತೆಯ ಕಡೆ ಹೊರಡುತ್ತವೆ. ಮರಳಿನ ಮೇಲಿನ ಹೋಟೆಲೂ ಪಟ್ಟಿಯಿಂದ ಹೋಯಿತು. ಮಳೆಗಾಲದಲ್ಲಿ ಕಡಲು ಉಕ್ಕಿ ದಡ ಕೊರೆಯುವುದನ್ನು ಉಳ್ಳಾಲದ ಕಡೆಯವರು ಕಣ್ಣಾರೆ ಕಂಡಿದ್ದಾರೆ. ಅಲ್ಲದೆ ಆ ಮರಳು ಮೀನುಗಾರರ ಅಂಗಳ. ಅಲ್ಲಿ ದೋಣಿ ಎಳೆಯಬೇಕು, ಬಲೆ ಹೊಲಿಯಬೇಕು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮೀನು ಮರಿ ಮಾಡುವ ಕಾಲ ಅದು. ಮೀನಿಗೂ ರಜೆ ಕೊಡುವ ಊರು, ಮರಳಿಗೂ ಸ್ವಲ್ಪ ಜಾಗ ಬಿಟ್ಟರೆ ಚೆನ್ನ.

ನಾವು ಹೊರಡುವ ಹಿಂದಿನ ದಿನ ಮೊಮ್ಮಗಳು ಆಯಿಯನ್ನು ಪಡುಬಿದ್ರಿಗೆ ಕರೆದೊಯ್ದಳು. ಮಂಗಳೂರಿನಿಂದ ಸುಮಾರು 30 ಕಿ.ಮೀ. ಹಟ ಮಾಡಿದವಳನ್ನು ಪುಸಲಾಯಿಸಿ ಕರೆದೊಯ್ದದ್ದು. ಅಲ್ಲಿ ಅವಳು ಮೊದಲು ನೋಡಿದ್ದು ಸಮುದ್ರವನ್ನಲ್ಲ, ಶೌಚಾಲಯದ ಬಾಗಿಲನ್ನು. ತೆರೆದಿತ್ತು. ಆಮೇಲೆ ನೆರಳಿನಲ್ಲಿ ಕುಳಿತು, ಚೀಲದಿಂದ ಉಳಿದ ರೊಟ್ಟಿ ತೆಗೆದು, ಸೂರ್ಯ ಮುಳುಗುವ ತನಕ ಎದ್ದೇಳಲಿಲ್ಲ. ‘ಇನ್ನ ಹೋಗೂಣೇನು?’ ಎಂದು ನಾನೇ ಎರಡು ಸಲ ಕೇಳಬೇಕಾಯಿತು.

ಬರುವಾಗ ಸಣ್ಣವ ಒಂದು ಬಾಟಲಿ ಸಮುದ್ರದ ನೀರು ತಂದ. ಸಾರವಾಡಕ್ಕೆ ಬಂದು ಮಾಳಿಗೆಯ ಮೇಲೆ ಎರಡು ತಾಟು ಇಟ್ಟೆವು. ಒಂದರಲ್ಲಿ ಸಮುದ್ರದ ನೀರು, ಒಂದರಲ್ಲಿ ಅಷ್ಟೇ ಡೋಣಿ ನೀರು. ಬಿಸಿಲಿಗೆ ನೀರು ಆರಿದ ಮೇಲೆ ಡೋಣಿಯ ತಾಟಿನಲ್ಲಿ ತೆಳ್ಳನೆಯ ಬಿಳಿ ಪದರ, ಸಮುದ್ರದ ತಾಟಿನಲ್ಲಿ ಹರಳು ಹರಳು ಉಪ್ಪು. ಒಂದು ಲೀಟರು ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ನೀವೂ ಕಡಲತೀರಕ್ಕೆ ಹೋದಾಗ ಒಂದು ಬಾಟಲಿ ತಂದು ಮಾಡಿ ನೋಡಿ, ಆದರೆ ನೀರು ತುಂಬಿಸಲು ದೊಡ್ಡವರನ್ನು ಕಳಿಸಿ.

ಮೊಮ್ಮಗಳ ಪ್ರಬಂಧಕ್ಕೆ ಎರಡನೇ ಬಹುಮಾನ ಬಂತೆಂದು ಮೊನ್ನೆ ಫೋನು. ಮೊದಲ ಬಹುಮಾನ ಗಾಜಿನ ಸೇತುವೆಗೆ ಹೋಯಿತಂತೆ. ಸ್ವಲ್ಪ ಬೇಸರದಲ್ಲಿದ್ದಳು. ಅವಳ ಆಯಿ ಫೋನು ಕಿತ್ತುಕೊಂಡು, ‘ಇರಲಿ ಬಿಡು ನನ್ನವ್ವಾ. ಬರೋ ದೀಪಾವಳಿಗೆ ನಾ ಮತ್ತ ಬರತೀನಿ. ಆ ಬಾಗಲಾ ತೆಗೆದಿರೋ ಸಮುದ್ರಕ್ಕ ಹೋಗೂಣು’ ಎಂದಳು.