ಸಂಶೋಧನೆಯ ಮೌಲ್ಯಮಾಪನ ಹಾಗೂ ಮುಕ್ತ ಪ್ರಕಟಣೆ ಕುರಿತ ಮನವಿ ಪತ್ರ

ಗೆ,
ಮಾನ್ಯ ಉಪಾಧ್ಯಕ್ಷರು,
ಕರ್ನಾಟಕ ರಾಜ್ಯ ಉನ್ನತ ಶಿಕ್ಷಣ ಪರಿಷತ್ತು,
ಬೆಂಗಳೂರು.

ಇಂದ,
ರಾಜ್ಯದ ವಿಶ್ವವಿದ್ಯಾಲಯಗಳ ಹಾಗೂ ಪ್ರಥಮ ದರ್ಜೆ ಕಾಲೇಜುಗಳ ಅಧ್ಯಾಪಕರು, ಸಂಶೋಧನಾ ವಿದ್ಯಾರ್ಥಿಗಳು ಮತ್ತು ಗ್ರಂಥಪಾಲಕರು (ಸಹಿ ಪಟ್ಟಿ ಲಗತ್ತಿಸಿದೆ).

ವಿಷಯ: ಸಂಶೋಧನಾ ಮೌಲ್ಯಮಾಪನದಲ್ಲಿ ಓಪನ್ ಆಕ್ಸೆಸ್ ಷರತ್ತನ್ನು ಪ್ರಕಟಣಾ ಶುಲ್ಕದ ಹೊರೆಯಿಲ್ಲದೆ ಪೂರೈಸಲು ವ್ಯವಸ್ಥೆ ಕಲ್ಪಿಸುವ ಬಗ್ಗೆ.

ಮಾನ್ಯರೇ,

ನಾವು ಸರ್ಕಾರದ ಸಂಬಳದಲ್ಲಿ, ಸರ್ಕಾರದ ಫೆಲೋಶಿಪ್‌ನಲ್ಲಿ ಸಂಶೋಧನೆ ಮಾಡುವವರು. ಜನರ ತೆರಿಗೆಯಿಂದ ನಡೆದ ಸಂಶೋಧನೆಯನ್ನು ಜನ ಮತ್ತೆ ಹಣ ತೆರದೆ ಓದುವಂತಿರಬೇಕು ಎಂಬ ವಿಚಾರದಲ್ಲಿ ನಮ್ಮಲ್ಲಿ ಎರಡು ಮಾತಿಲ್ಲ. ಬಡ್ತಿ, ಮಾನ್ಯತೆ, ಶ್ರೇಯಾಂಕಗಳಿಗೆ ಓಪನ್ ಆಕ್ಸೆಸ್ ಅನ್ನು ಷರತ್ತಾಗಿ ಸೇರಿಸಿದರೆ ನಾವು ಸಂತೋಷದಿಂದ ಒಪ್ಪುತ್ತೇವೆ. ಆದರೆ ಆ ಷರತ್ತನ್ನು ಪೂರೈಸುವ ದಾರಿ ಯಾವುದು ಎಂಬುದು ಮೊದಲೇ ಇತ್ಯರ್ಥವಾಗಬೇಕು. ಅದಕ್ಕಾಗಿಯೇ ಈ ಮನವಿ.

ಮುಖ್ಯವಾಗಿ ದಾರಿಗಳು ಎರಡಿವೆ. ಪತ್ರಿಕೆಗೆ ಪ್ರಕಟಣಾ ಶುಲ್ಕ ಕಟ್ಟಿ ಲೇಖನವನ್ನು ಮುಕ್ತಗೊಳಿಸುವುದು ಒಂದು. ಲೇಖನ ಎಲ್ಲಿಯೇ ಪ್ರಕಟವಾಗಲಿ, ತಜ್ಞರ ಪರಿಶೀಲನೆ ಮುಗಿದು ಸ್ವೀಕೃತವಾದ ಪ್ರತಿಯನ್ನು ಲೇಖಕರೇ ಸಾರ್ವಜನಿಕ ಡಿಜಿಟಲ್ ಭಂಡಾರಕ್ಕೆ ಸೇರಿಸುವುದು ಇನ್ನೊಂದು. ಎರಡನೆಯದಕ್ಕೆ ಲೇಖಕರು ಬಿಡಿಗಾಸೂ ಕೊಡಬೇಕಾಗಿಲ್ಲ. ಆದರೂ ನಮ್ಮ ವಿಭಾಗಗಳಲ್ಲಿ ಓಪನ್ ಆಕ್ಸೆಸ್ ಎಂದರೆ ‘ದುಡ್ಡು ಕಟ್ಟಿ ಹಾಕಿಸೋದು’ ಎಂಬ ತಿಳಿವಳಿಕೆಯೇ ಬೇರೂರಿದೆ. ನಮ್ಮಲ್ಲೊಬ್ಬರು ಇತಿಹಾಸದ ಸಹಾಯಕ ಪ್ರಾಧ್ಯಾಪಕಿ. ಕೆರೆ ಕಟ್ಟೆಗಳ ಶಾಸನಗಳ ಬಗ್ಗೆ ನಾಲ್ಕು ಬೇಸಿಗೆ ಊರೂರು ತಿರುಗಿ ಬರೆದ ಲೇಖನವನ್ನು ಬಡ್ತಿ ಅರ್ಜಿಯ ಗಡುವು ಹತ್ತಿರ ಬಂದಾಗ ಒಂದು ‘ಮುಕ್ತ’ ಪತ್ರಿಕೆಗೆ ಕಳಿಸಿದರು. ಮೂರನೆಯ ದಿನಕ್ಕೇ ಸ್ವೀಕೃತಿ ಪತ್ರ, ಅದರ ಕೆಳಗೇ ಬ್ಯಾಂಕ್ ಖಾತೆಯ ಸಂಖ್ಯೆ! ಎರಡು ಕಂತುಗಳಲ್ಲಿ ಹಣ ಕಟ್ಟಿದರು. ಇಂದು ಆ ಲೇಖನದ ಕೊಂಡಿ ತೆರೆಯುವುದಿಲ್ಲ, ಪತ್ರಿಕೆಯೇ ಕಾಣೆಯಾಗಿದೆ. ಅವರ ಬಳಿ ಉಳಿದಿರುವುದು ಕಡತದಲ್ಲಿರುವ ಪ್ರಮಾಣಪತ್ರ ಮತ್ತು ಲೇಖನದ ಮೊದಲ ಪುಟದ ಮುದ್ರಿತ ಪ್ರತಿ. ಆ ಶಾಸನಗಳ ಊರಿನವರು ಇಂದಿಗೂ ಆ ಲೇಖನ ಓದಿಲ್ಲ.

ಇಂಥ ಪ್ರಸಂಗಗಳಿಗೆ ಅಂಕಗಳ ಲೆಕ್ಕಾಚಾರದ ಒತ್ತಡವೇ ಮೂಲ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿಯಲ್ಲಿ ಒಂದು ಲೇಖನಕ್ಕೆ ವಿಜ್ಞಾನದವರಿಗೆ 8 ಅಂಕ, ಭಾಷೆ ಹಾಗೂ ಸಮಾಜವಿಜ್ಞಾನದವರಿಗೆ 10 ಅಂಕ. ಲೇಖನ ಓದುಗರಿಗೆ ಸಿಗುತ್ತದೆಯೇ ಎಂದು ಕೇಳುವ ಕಲಂ ಅದರಲ್ಲಿಲ್ಲ. ಕಳಪೆ ಪತ್ರಿಕೆಗಳನ್ನು ತಡೆಯಲೆಂದು ಬಂದ ಯುಜಿಸಿ ಕೇರ್ ಪಟ್ಟಿಯನ್ನು 2025ರ ಫೆಬ್ರವರಿಯಲ್ಲಿ ಕೈಬಿಡಲಾಯಿತು. ಪತ್ರಿಕೆಯ ಗುಣಮಟ್ಟ ಅಳೆಯುವ ಹೊಣೆ ಈಗ ಆಯಾ ಸಂಸ್ಥೆಗಳ ಹೆಗಲೇರಿದೆ. ಪರಿಷತ್ತು ಈಗ ದಾರಿ ತೋರದಿದ್ದರೆ ಒಂದೊಂದು ವಿಶ್ವವಿದ್ಯಾಲಯ ಒಂದೊಂದು ಅಳತೆಗೋಲು ಹಿಡಿಯುತ್ತದೆ.

‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಬಂದಿದೆಯಲ್ಲ, ಇನ್ನೇನು ತೊಂದರೆ ಎಂದು ಕೇಳುವವರಿದ್ದಾರೆ. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ವೆಚ್ಚದ ಆ ಯೋಜನೆಯಿಂದ 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ದೊರೆಯುತ್ತಿರುವುದು ನಿಜಕ್ಕೂ ದೊಡ್ಡ ಉಪಕಾರ. ಆದರೆ ಅದು ಸಂಸ್ಥೆಯ ಒಳಗಿರುವವರಿಗೆ ಓದಲು ಕೊಟ್ಟ ಸೌಲಭ್ಯ. ಹೈಸ್ಕೂಲು ಮೇಷ್ಟರು, ತಾಲ್ಲೂಕಿನ ಪತ್ರಕರ್ತರು, ಮಣ್ಣಿನ ಬಗ್ಗೆ ತಿಳಿಯಬಯಸುವ ರೈತರು ಆ ಗೇಟಿನ ಹೊರಗೇ ಇದ್ದಾರೆ. ನಾವು ಕನ್ನಡದಲ್ಲಿ ಬರೆದದ್ದನ್ನು ಅವರಿಗೆ ತಲುಪಿಸುವ ಕೆಲಸವೂ ಅದರಿಂದ ಆಗದು.

ಬ್ರಿಟನ್ನಿನ ಅನುಭವವನ್ನು ತಮ್ಮ ಗಮನಕ್ಕೆ ತರಬಯಸುತ್ತೇವೆ. ಅಲ್ಲಿನ ವಿಶ್ವವಿದ್ಯಾಲಯಗಳ ಸಂಶೋಧನೆಯನ್ನು ಅಳೆಯುವ ರಿಸರ್ಚ್ ಎಕ್ಸಲೆನ್ಸ್ ಫ್ರೇಮ್‌ವರ್ಕ್‌ನ 2021ರ ಸುತ್ತಿಗೆ, 2016ರ ಏಪ್ರಿಲ್ 1ರಿಂದ ಸ್ವೀಕೃತವಾದ ಲೇಖನಗಳು ಭಂಡಾರದಲ್ಲಿ ಇರಲೇಬೇಕಿತ್ತು. ಹೊಂದಿಕೊಳ್ಳಲು ಮೊದಲೆರಡು ವರ್ಷ ಪ್ರಕಟವಾದ ಮೂರು ತಿಂಗಳವರೆಗೆ ಸಮಯ ಕೊಟ್ಟು, 2018ರ ಏಪ್ರಿಲ್‌ನಿಂದ ಸ್ವೀಕೃತವಾದ ಮೂರು ತಿಂಗಳೊಳಗೆ ಎಂದು ನಿಯಮ ಬಿಗಿ ಮಾಡಿದರು. ವಿಜ್ಞಾನಕ್ಕೆ 12, ಮಾನವಿಕಗಳಿಗೆ 24 ತಿಂಗಳವರೆಗೆ ಪ್ರತಿಯನ್ನು ಮುಚ್ಚಿಡುವ ತಡೆ ಅವಧಿಗೂ ಅವಕಾಶವಿತ್ತು. ಸ್ವೀಕೃತ ಪ್ರತಿಯನ್ನು ಭಂಡಾರಕ್ಕೆ ಸೇರಿಸಿದರೆ ಸಾಕು, ಶುಲ್ಕ ಕಟ್ಟಬೇಕೆಂಬ ಕಡ್ಡಾಯವಿರಲಿಲ್ಲ. ಪುಸ್ತಕಗಳನ್ನು ಹೊರಗಿಟ್ಟಿದ್ದರು. ಒಳ್ಳೆಯ ಸಂಶೋಧನೆ ಬಹುಪಾಲು ಪುಸ್ತಕವಾಗಿಯೇ ಬರುವ ಕನ್ನಡದಂಥ ಭಾಷೆಗೆ ಈ ಕೊನೆಯ ಅಂಶ ಬಹಳ ಮುಖ್ಯ.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ದೇಶದ ಮೊದಲ ಸಾಂಸ್ಥಿಕ ಭಂಡಾರ 2002ರಲ್ಲಿ ಆರಂಭವಾದದ್ದು ಬೆಂಗಳೂರಿನಲ್ಲೇ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಕೇಂದ್ರದ ಜೈವಿಕ ತಂತ್ರಜ್ಞಾನ ಹಾಗೂ ವಿಜ್ಞಾನ ತಂತ್ರಜ್ಞಾನ ಇಲಾಖೆಗಳ 2014ರ ನೀತಿ ಕೂಡ ಸ್ವೀಕೃತ ಪ್ರತಿಯನ್ನು ಭಂಡಾರಕ್ಕೆ ಸೇರಿಸಿ ಎಂದೇ ಹೇಳುತ್ತದೆ. ಪಿಎಚ್.ಡಿ. ಪ್ರಬಂಧಗಳಿಗೆ ಇನ್‌ಫ್ಲಿಬ್‌ನೆಟ್‌ನ ಶೋಧಗಂಗಾ ಇದೆ. ಕೊರತೆ ಇರುವುದು ಲೇಖನಗಳಿಗೆ, ಅದರಲ್ಲೂ ಕನ್ನಡದ ಲೇಖನಗಳಿಗೆ.

ಕನ್ನಡದ ಸಮಸ್ಯೆಯನ್ನು ಸ್ವಲ್ಪ ವಿವರವಾಗಿ ಹೇಳಲು ಅಪ್ಪಣೆಯಿರಲಿ. ನಮ್ಮಲ್ಲಿರುವ ಗ್ರಂಥಪಾಲಕರೊಬ್ಬರು ವೀರಗಲ್ಲುಗಳ ಕುರಿತ ಪ್ರಬಂಧದ ಪಿಡಿಎಫ್ ತೆರೆದು, ಹುಡುಕುವ ಚೌಕದಲ್ಲಿ ‘ವೀರಗಲ್ಲು’ ಎಂದು ಟೈಪಿಸಿ ತೋರಿಸಿದರು. ಪುಟಪುಟದಲ್ಲೂ ಆ ಪದ ಕಣ್ಣಿಗೆ ಕಾಣುತ್ತಿದೆ, ಯಂತ್ರ ಮಾತ್ರ ‘ಇಲ್ಲ’ ಎನ್ನುತ್ತದೆ. ಒಂದು ಸಾಲನ್ನು ನಕಲು ಮಾಡಿ ಬೇರೆಡೆ ಅಂಟಿಸಿದರೆ ಕನ್ನಡದ ಬದಲು ರೋಮನ್ ಅಕ್ಷರ, ಉದ್ಧರಣ ಚಿಹ್ನೆಗಳ ಕಲಸುಮೇಲೋಗರ. ಕಾರಣ, ಅದನ್ನು ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಡಿಟಿಪಿ ಮಾಡಿಸಲಾಗಿತ್ತು. ಹೆಸರಿಗೆ ಅದು ಮುಕ್ತ ಪ್ರಬಂಧ, ಆದರೆ ಹುಡುಕಿದವರಿಗೆ ಸಿಗದು. ಪರಿವರ್ತಕ ತಂತ್ರಾಂಶಗಳು ಉಚಿತವಾಗಿಯೇ ದೊರೆಯುತ್ತವೆ. ಆದರೂ ಅರ್ಕಾವತ್ತು, ಒತ್ತಕ್ಷರಗಳು ಅಲ್ಲಲ್ಲಿ ಕೆಡುತ್ತವೆ, ಶಾಸನಪಾಠದ ಱ, ೞ ಅಕ್ಷರಗಳಿಗೆ ವಿಶೇಷ ಎಚ್ಚರ ಬೇಕು. ಯಾರಾದರೂ ಪಕ್ಕದಲ್ಲಿ ಕೂತು ಸಾಲುಸಾಲಾಗಿ ಓದಿ ತಿದ್ದಲೇಬೇಕು. ಆ ಕೆಲಸಕ್ಕೆ ಇಂದು ಯಾವ ಗ್ರಂಥಾಲಯದಲ್ಲೂ ಹುದ್ದೆಯಿಲ್ಲ.

ಆದ್ದರಿಂದ ನಮ್ಮ ಬೇಡಿಕೆಗಳು ಇವು. ಎಲ್ಲಕ್ಕಿಂತ ಮೊದಲು, ಸ್ವೀಕೃತ ಪ್ರತಿಯನ್ನು ಭಂಡಾರಕ್ಕೆ ಸೇರಿಸಿದರೆ ಓಪನ್ ಆಕ್ಸೆಸ್ ಷರತ್ತು ಪೂರ್ಣವಾಗಿ ಪೂರೈಸಿದಂತೆ ಎಂದು ರಾಜ್ಯದ ಎಲ್ಲ ವಿಶ್ವವಿದ್ಯಾಲಯಗಳಿಗೆ ಸುತ್ತೋಲೆ ಹೊರಡಿಸಬೇಕು. ಯಾವ ಅಧ್ಯಾಪಕರಿಂದಲೂ, ವಿದ್ಯಾರ್ಥಿಗಳಿಂದಲೂ ಶುಲ್ಕದ ರಸೀದಿಯನ್ನು ಪುರಾವೆಯಾಗಿ ಕೇಳಕೂಡದು. ಭಂಡಾರ ಕೊಡುವ ಶಾಶ್ವತ ಕೊಂಡಿಯನ್ನೇ ಪುರಾವೆಯೆಂದು ಒಪ್ಪಬೇಕು, ಡಿಒಐ (ಲೇಖನದ ಡಿಜಿಟಲ್ ಗುರುತು ಸಂಖ್ಯೆ) ಇಲ್ಲವೆಂಬ ಒಂದೇ ಕಾರಣಕ್ಕೆ ಕನ್ನಡ ಲೇಖನವನ್ನು ತಳ್ಳಿಹಾಕಬಾರದು.

ಸಣ್ಣ ಕಾಲೇಜುಗಳು ಸ್ವಂತ ಸರ್ವರ್ ನಡೆಸಲಾರವು. ಅವೆಲ್ಲಕ್ಕೂ ಸೇರಿ ರಾಜ್ಯಮಟ್ಟದ ಒಂದು ಭಂಡಾರ ಬೇಕು. ಅದಕ್ಕೆ ಬೇಕಾದ ಡಿಸ್ಪೇಸ್, ಇಪ್ರಿಂಟ್ಸ್‌ನಂಥ ತಂತ್ರಾಂಶಗಳು ಉಚಿತ, ಖರ್ಚು ಬೀಳುವುದು ಮುಖ್ಯವಾಗಿ ಯಂತ್ರಕ್ಕೆ ಮತ್ತು ಜನಕ್ಕೆ. ಜನ ಎಂದಾಗ ನಮ್ಮ ಮನಸ್ಸಿನಲ್ಲಿರುವುದು ಯೂನಿಕೋಡ್ ಪರಿವರ್ತನೆ ಮತ್ತು ಕರಡು ತಿದ್ದುವಿಕೆ ಬಲ್ಲ ಕನ್ನಡ ಪದವೀಧರರು. ಪ್ರತಿ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಅಂಥ ಇಬ್ಬರನ್ನಾದರೂ ನೇಮಿಸಬೇಕು. ಇನ್ನು ಮುಂದೆ ಸಲ್ಲಿಸುವ ಕನ್ನಡ ಪ್ರಬಂಧಗಳು ಯೂನಿಕೋಡ್‌ನಲ್ಲೇ ಇರಬೇಕೆಂದು ನಿಯಮ ಮಾಡಿದರೆ ಹೊರೆ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ.

ವಿಶ್ವವಿದ್ಯಾಲಯಗಳ ಪ್ರಸಾರಾಂಗಗಳು ತಮ್ಮ ಪತ್ರಿಕೆಗಳಲ್ಲಿ ಒಂದೇ ಒಂದು ಸಾಲು ಅಚ್ಚು ಹಾಕಲಿ: ‘ಲೇಖಕರು ಸ್ವೀಕೃತ ಪ್ರತಿಯನ್ನು ಭಂಡಾರಕ್ಕೆ ಸೇರಿಸಬಹುದು.’ ಇಂದು ಇದು ಸರಿಯೋ ತಪ್ಪೋ ಎಂದು ತಿಳಿಯಲು ಸಂಪಾದಕರಿಗೆ ಫೋನ್ ಮಾಡಬೇಕಾಗಿದೆ. 1919ರಲ್ಲಿ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಲ್ಲಿ ಹುಟ್ಟಿ ಮುಂದೆ ಮೈಸೂರು ವಿಶ್ವವಿದ್ಯಾಲಯದ ಮಡಿಲು ಸೇರಿದ ‘ಪ್ರಬುದ್ಧ ಕರ್ಣಾಟಕ’ದಂಥ ಪತ್ರಿಕೆಗಳ ಹಳೆಯ ಸಂಚಿಕೆಗಳೂ ಹುಡುಕಬಲ್ಲ ಪಠ್ಯವಾಗಿ ಈ ಭಂಡಾರಕ್ಕೆ ಬರಲಿ ಎಂಬುದು ನಮ್ಮ ಬಹುದಿನದ ಆಸೆ.

ಎರಡು ವಿನಾಯಿತಿಗಳನ್ನೂ ಕೋರುತ್ತೇವೆ. ಪುಸ್ತಕಗಳಿಗೆ ಈಗಲೇ ಈ ಷರತ್ತು ಬೇಡ. ಸಣ್ಣ ಪ್ರಕಾಶಕರು ಬದುಕುವುದೇ ಅವುಗಳ ಮಾರಾಟದಿಂದ. ಹಾಗೆಯೇ ನೀಲಗಾರರು, ಗೊರವರು, ಸೋಬಾನೆ ಹಾಡುವ ತಾಯಂದಿರು ಸಂಶೋಧಕರನ್ನು ನಂಬಿ ಕೊಟ್ಟ ಧ್ವನಿಮುದ್ರಣಗಳನ್ನು ಅವರ ಒಪ್ಪಿಗೆಯಿಲ್ಲದೆ ತೆರೆದಿಡುವಂತೆ ಯಾರನ್ನೂ ಒತ್ತಾಯಿಸಬಾರದು. ವಿಶ್ಲೇಷಣೆ ಮುಕ್ತವಾಗಿರಲಿ, ಹಾಡು ಹಾಡಿದವರ ಮಾತಿಗೆ ಬಿಟ್ಟದ್ದು.

ಇದೇ ಅಂಶಗಳನ್ನು ಅನುದಾನ ಆಯೋಗಕ್ಕೂ ನಗರದಲ್ಲೇ ಕೇಂದ್ರ ಕಚೇರಿ ಹೊಂದಿರುವ, ಸಂಸ್ಥೆಗಳಿಗೆ ಮಾನ್ಯತೆ ನೀಡುವ ನ್ಯಾಕ್‌ಗೂ ಪರಿಷತ್ತು ಶಿಫಾರಸು ಮಾಡಬೇಕೆಂದು ಪ್ರಾರ್ಥಿಸುತ್ತೇವೆ. ಷರತ್ತು ಜಾರಿಯಾದ ಮೊದಲೆರಡು ವರ್ಷ ತಡವಾಗಿ ಸೇರಿಸಿದ ಲೇಖನಗಳಿಗೂ ಅಂಕ ಕಡಿತವಾಗಬಾರದು.

ನಮ್ಮ ಪೈಕಿ ಐವರು, ಮಾದರಿ ಭಂಡಾರವೊಂದರ ನಕ್ಷೆ ಹಾಗೂ ಪರಿವರ್ತಿಸಿ ತಿದ್ದಿದ ಇಪ್ಪತ್ತು ಕನ್ನಡ ಲೇಖನಗಳೊಂದಿಗೆ, ತಾವು ಸೂಚಿಸುವ ದಿನ ಕಚೇರಿಗೆ ಬಂದು ವಿವರಿಸಲು ಸಿದ್ಧರಿದ್ದೇವೆ. ದಯವಿಟ್ಟು ಸಮಯ ನೀಡಬೇಕೆಂದು ಕೋರುತ್ತೇವೆ.



ತಮ್ಮ ವಿಶ್ವಾಸಿಗಳು,
(ಸಹಿ ಮಾಡಿದವರು)

ಲಗತ್ತು: ಸಹಿ ಪಟ್ಟಿ