ಕೂದಲಲ್ಲಿ ಕೂದಲಾಗಿ

ಒಡವೆಗಳಲ್ಲಿ ಎರಡು ಜಾತಿಗಳುಂಟು. ಹತ್ತು ಜನರ ಕಣ್ಣಿಗೆ ಬೀಳಬೇಕೆಂದೇ ಹುಟ್ಟಿದುದು ಒಂದು. ಯಾರ ಕಣ್ಣಿಗೂ ಬೀಳಬಾರದೆಂದೇ ಹುಟ್ಟಿದುದು ಮತ್ತೊಂದು. ಜಡೆಬಿಲ್ಲೆ, ರಾಗಟೆ, ನಾಗರ ಇವೆಲ್ಲ ಮೊದಲನೆಯ ಜಾತಿಗೆ ಸೇರಿದವು. ಇವುಗಳ ತೂಕವೆಷ್ಟು, ತವರಿನವರು ಇಟ್ಟುದೆಷ್ಟು, ಅತ್ತೆಮನೆಯವರು ಇಟ್ಟುದೆಷ್ಟು ಎಂಬ ವಿಚಾರ ಮದುವೆಯ ಮನೆಯಲ್ಲಿ ಊಟದ ಪಂಕ್ತಿಯವರೆಗೂ ನಡೆಯುತ್ತದೆ. ಚೌರಿ, ಕರಿಯ ಹೇರ್‌ಪಿನ್ನು, ತುರುಬಿನ ಬಲೆ ಇವು ಎರಡನೆಯ ಜಾತಿ. ಇವುಗಳಿಗೆ ಹೊಗಳಿಕೆಯೆಂಬುದೇ ಇಲ್ಲ. ‘ಎಷ್ಟು ಚೆನ್ನಾದ ಚೌರಿ!’ ಎಂದು ಯಾರಾದರೂ ಉದ್ಗರಿಸಿದರೆ ಆ ಚೌರಿ ಸೋತಂತೆ. ‘ಎಷ್ಟು ಚೆನ್ನಾದ ಜಡೆ!’ ಎಂದರೆ ಮಾತ್ರ ಗೆದ್ದಂತೆ. ತಾನು ಮಾಡಿದ ವಸ್ತು ಅಲ್ಲಿದೆಯೆಂಬುದೇ ಯಾರಿಗೂ ತಿಳಿಯಬಾರದೆಂದು ದುಡಿಯುವ ಕುಶಲಿಗಳು ಲೋಕದಲ್ಲಿ ಹೆಚ್ಚು ಮಂದಿ ಇರಲಾರರು.

ಇಂಥ ಮುಚ್ಚುಮರೆಯ ಅಲಂಕಾರ ಇಂದಿನ ನಾಗರಿಕತೆಯ ಚಪಲವೆಂದು ಮೂಗು ಮುರಿಯುವವರುಂಟು. ಆದರೆ ಇದರ ವಯಸ್ಸು ಕಡಮೆಯದಲ್ಲ. ಈಜಿಪ್ಟಿನಲ್ಲಿ ನೈಲ್ ನದಿಯ ದಡದ ಅಮರ್ನಾ ಎಂಬಲ್ಲಿ, ಸುಮಾರು 3300 ವರ್ಷಗಳ ಹಿಂದೆ, ಅಖೆನಾಟನ್ ದೊರೆಯ ರಾಜಧಾನಿಯಿತ್ತು. ಅಲ್ಲಿಯ ಶ್ಮಶಾನವನ್ನು ಅಗೆದ ಸಂಶೋಧಕರು ಒಬ್ಬ ಸ್ತ್ರೀಯ ತಲೆಯಲ್ಲಿ ಸುಮಾರು 70 ಹೊರಗೂದಲಿನ ಎಳೆಗಳನ್ನು ಪದರ ಪದರವಾಗಿ ಸೇರಿಸಿದ್ದುದನ್ನು ಕಂಡರು. ಈ ಸಂಗತಿ 2014ರಲ್ಲಿ ಪ್ರಕಟವಾಯಿತು. ಅಲ್ಲಿ ದೊರೆತ ಎಳೆಗಳಲ್ಲಿ ಕೆಲವೆಡೆ ನರೆಗೂದಲೂ ಕಪ್ಪುಗೂದಲೂ ಬೆರೆತಿದ್ದುವು. ಎಂದರೆ ಒಂದು ತಲೆಯ ಶೋಭೆಗೆ ಹಲವು ತಲೆಗಳು ಕೂದಲನ್ನು ಕೊಟ್ಟಿದ್ದುವು.

ಕನ್ನಡ ನಾಡಿನ ಮನೆಗಳಿಗೆ ಚೌರಿ ಹೊಸದಲ್ಲ. ಚಮರೀಮೃಗದ ಬಾಲದಿಂದ ಮಾಡಿದ ಚಾಮರಕ್ಕೂ ಚೌರಿಯೆಂಬ ಹೆಸರುಂಟು. ದೇವರಿಗೆ ಬೀಸುವುದಕ್ಕೂ ಹೆಣ್ಣಿನ ಜಡೆಗೆ ಸೇರುವುದಕ್ಕೂ ಒಂದೇ ಮಾತು. ಮರಾಠಿಯವರು ಇದನ್ನೇ ‘ಗಂಗಾವನ’ವೆಂದು ಕರೆಯುತ್ತಾರೆ. ಕೂದಲಿನ ಮೂರು ಕಾಲುಗಳನ್ನು ಮೇಲ್ತುದಿಯಲ್ಲಿ ಒಂದಾಗಿ ಬಿಗಿದರೆ ಚೌರಿಯಾಯಿತು. ಸ್ವಂತ ಕೂದಲನ್ನು ಮೂರು ಪಾಲು ಮಾಡಿ, ಒಂದೊಂದು ಪಾಲಿಗೆ ಒಂದೊಂದು ಕಾಲನ್ನು ಜೊತೆಗೂಡಿಸಿ ಹೆಣೆದುಕೊಂಡು ಹೋಗಬೇಕು. ಗಂಟು ಜಡೆಯ ಮೊದಲ ಹೆಣಿಗೆಯಲ್ಲಿಯೇ ಅಡಗಿಬಿಡುತ್ತದೆ. ನೋಡುವುದಕ್ಕೆ ಇಷ್ಟೇ. ಆದರೂ ಒಬ್ಬಳ ಚೌರಿ ಎದ್ದು ಕಾಣುತ್ತದೆ, ಇನ್ನೊಬ್ಬಳದು ಕಾಣುವುದೇ ಇಲ್ಲ. ಇದಕ್ಕೆ ಕಾರಣವೇನು?

ಮೊದಲನೆಯ ಕಾರಣ ಚೌರಿಯ ಆಕಾರ. ತಲೆಯಲ್ಲಿ ಬೆಳೆದ ಕೂದಲುಗಳೆಲ್ಲ ಒಂದೇ ಉದ್ದದವಲ್ಲ. ಮನುಷ್ಯನ ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲುಗಳಿರುತ್ತವೆ. ದಿನಕ್ಕೆ 50ರಿಂದ 100ರವರೆಗೆ ಉದುರುತ್ತವೆ. ಅವುಗಳ ಸ್ಥಳದಲ್ಲಿ ಹೊಸವು ಹುಟ್ಟಿ ತಿಂಗಳಿಗೆ ಒಂದು ಸೆಂಟಿಮೀಟರಿಗಿಂತ ಕೊಂಚ ಹೆಚ್ಚಾಗಿ ಬೆಳೆಯುತ್ತವೆ. ಆದಕಾರಣ ನಿಜವಾದ ಜಡೆ ಬುಡದಲ್ಲಿ ದಪ್ಪನಾಗಿದ್ದು ತುದಿಗೆ ಹೋಗುತ್ತ ಸಪುರವಾಗುತ್ತದೆ. ಬುಡದಿಂದ ತುದಿಯವರೆಗೆ ಹಗ್ಗದಂತೆ ಒಂದೇ ಗಾತ್ರದಲ್ಲಿ ಇಳಿಬಿದ್ದ ಜಡೆ ತನ್ನ ಗುಟ್ಟನ್ನು ತಾನೇ ಸಾರುತ್ತದೆ. ಕುಶಲಿಯಾದವನು ಉದ್ದ ಕೂದಲಿನೊಡನೆ ಗಿಡ್ಡ ಕೂದಲನ್ನೂ ಬೇಕೆಂದೇ ಸೇರಿಸುತ್ತಾನೆ. ಕೊರತೆಯೂ ಸಹಜತೆಯ ಒಂದು ಅಂಗವೆಂಬುದನ್ನು ಬಲ್ಲವನು ಅವನು.

ಎರಡನೆಯದು ಬಣ್ಣ. ಕಪ್ಪು ಕೂದಲು ಎಂದು ಸುಲಭವಾಗಿ ಹೇಳಿಬಿಡುತ್ತಾರೆ. ಆದರೆ ಒಂದು ತಲೆಯಲ್ಲಿ ಒಂದೇ ಕಪ್ಪು ಇರುವುದಿಲ್ಲ. ಕೂದಲಿಗೆ ಬಣ್ಣ ಕೊಡುವ ಮೆಲನಿನ್ ಎಂಬ ದ್ರವ್ಯದಲ್ಲಿ ಕಪ್ಪು-ಕಂದಿನದೊಂದು, ಕೆಂಪು-ಹಳದಿಯದೊಂದು ಎಂದು ಎರಡು ಬಗೆಗಳಿವೆ. ಇವೆರಡರ ಪ್ರಮಾಣ ಎಳೆಯಿಂದ ಎಳೆಗೆ ಕೊಂಚ ಬದಲಾಗುತ್ತದೆ. ಬಿಸಿಲು ಬಿದ್ದ ತುದಿ ಬುಡಕ್ಕಿಂತ ಕಂದಾಗಿರುತ್ತದೆ. ಅಂಗಡಿಯ ದೀಪದ ಕೆಳಗೆ ತನ್ನ ಕೂದಲಿಗೆ ಸರಿಹೊಂದಿದ ಚೌರಿ, ಹೊರಗಿನ ಬಿಸಿಲಿಗೆ ಬಂದೊಡನೆ ಬೇರೆಯಾಗಿ ತೋರುವುದು ಇದರಿಂದಲೇ. ಕೊಳ್ಳುವವರು ಬಾಗಿಲ ಬಳಿಗೆ ಬಂದು ಹಗಲ ಬೆಳಕಿನಲ್ಲಿ ಹೋಲಿಸಿ ನೋಡುವುದು ಜಾಣತನ. ಇನ್ನು ನಡುವಯಸ್ಸಿನ ಗೃಹಿಣಿಯೊಬ್ಬಳ ಪಾಡು: ನೆತ್ತಿಯಲ್ಲಿ ಬೆಳ್ಳಿಯ ಗೆರೆಗಳು, ಸೊಂಟದ ಬಳಿ ಕಾಡಿಗೆಗಪ್ಪು! ಮೇಲಿನಿಂದ ಕೆಳಕ್ಕೆ ಬರುತ್ತ ಜಡೆಗೆ ಇಪ್ಪತ್ತು ವರ್ಷ ವಯಸ್ಸು ಕಡಮೆಯಾದಂತೆ ಕಾಣುತ್ತದೆ. ಅವಳಿಗೆ ಬೇಕಾದುದು ಅಷ್ಟೇ ನರೆ ಬೆರೆತ ಚೌರಿ.

ಮೂರನೆಯದು ಹೊಳಪು, ಎಲ್ಲಕ್ಕಿಂತ ಕಠಿನವಾದುದು ಇದೇ. ಕೂದಲಿನ ಮೈಮೇಲೆ ಮನೆಯ ಹೆಂಚುಗಳಂತೆ ಒಂದರ ಮೇಲೊಂದು ಹೊದಿಸಿದ ಅತಿ ಸೂಕ್ಷ್ಮವಾದ ಪೊರೆಗಳಿವೆ. ಅವುಗಳ ಬಾಯಿ ಯಾವಾಗಲೂ ತುದಿಯ ಕಡೆಗೇ ಇರುತ್ತದೆ. ಒಂದು ಉದ್ದ ಕೂದಲನ್ನು ಬುಡದಿಂದ ತುದಿಗೆ ಬೆರಳುಗಳ ನಡುವೆ ಎಳೆದರೆ ನಯವಾಗಿ ಜಾರುತ್ತದೆ. ತುದಿಯಿಂದ ಬುಡಕ್ಕೆ ಎಳೆದರೆ ಬೆರಳನ್ನು ತುಸು ತಡೆಯುತ್ತದೆ. ಮನೆಯಲ್ಲಿಯೇ ಮಾಡಿ ನೋಡಬಹುದಾದ ಪರೀಕ್ಷೆ ಇದು. ಎಲ್ಲ ಎಳೆಗಳ ಬುಡ ಒಂದೇ ಕಡೆಗಿದ್ದರೆ ಕೂದಲು ಸಿಕ್ಕಾಗದೆ ಸಹಜವಾಗಿ ಹೊಳೆಯುತ್ತದೆ. ಹೀಗೆ ದಿಕ್ಕು ಕೆಡದಂತೆ ಉಳಿಸಿಕೊಂಡ ಕೂದಲನ್ನು ವ್ಯಾಪಾರಿಗಳು ‘ರೆಮಿ’ ಎನ್ನುತ್ತಾರೆ. ಬೆಲೆಯೂ ಅದಕ್ಕೇ ಹೆಚ್ಚು. ಬುಡ ತುದಿಗಳು ಅಡ್ಡಾದಿಡ್ಡಿಯಾದರೆ ಪೊರೆಗೆ ಪೊರೆ ಸಿಕ್ಕಿಕೊಂಡು ಜಟೆಯಾಗುತ್ತದೆ. ಆಗ ಆಮ್ಲದಲ್ಲಿ ಅದ್ದಿ ಪೊರೆಗಳನ್ನೇ ತೆಗೆದು, ಮೇಲೆ ಸಿಲಿಕೋನಿನ ಲೇಪ ಕೊಡುವ ಉಪಾಯವೂ ಉಂಟು. ಅಂಗಡಿಯಲ್ಲಿ ಅದು ರೇಷ್ಮೆಯಂತಿರುತ್ತದೆ; ಕೆಲವು ಸಲ ತೊಳೆಯುವುದರೊಳಗೆ ಲೇಪ ಹೋಗಿ ಕತ್ತದಂತಾಗುತ್ತದೆ.

ಜಪಾನಿನಲ್ಲಿ 1957ರಲ್ಲಿ ಕಾನೆಕಲಾನ್ ಎಂಬ ಕೃತಕ ನಾರು ತಯಾರಾಗತೊಡಗಿತು. ಅಲ್ಪ ಬೆಲೆಗೆ ಉದ್ದ ಕೂದಲು ದೊರೆಯುವಂತಾಯಿತು. ಆದರೆ ಯಂತ್ರದಿಂದ ಬಂದ ನಾರು ಗಾಜಿನಂತೆ ನುಣುಪಾಗಿದ್ದು ಬೆಳಕನ್ನು ಒಂದೇ ಸಮನೆ ಹಿಂದಕ್ಕೆ ಎಸೆಯುತ್ತದೆ. ಹೀಗಾಗಿ ಅದನ್ನು ಹೆಚ್ಚು ಹೊಳೆಯುವಂತೆ ಮಾಡುವುದರ ಬದಲು, ಇದ್ದ ಹೊಳಪನ್ನು ಕುಂದಿಸುವುದೇ ತಯಾರಕರಿಗೆ ದೊಡ್ಡ ಕೆಲಸವಾಯಿತು. ಕೃತಕ ನಾರು ಶಾಖಕ್ಕೆ ಮುದುರಿಕೊಳ್ಳುವುದರಿಂದ ಅದನ್ನು ಮುಡಿದವರು ಒಲೆಯ ಮುಂದೆ ಎಚ್ಚರದಿಂದಿರುವುದು ಒಳಿತು.

ಪಿನ್ನು, ಬಲೆಗಳ ಕಥೆಯೂ ಸ್ವಾರಸ್ಯವಾಗಿದೆ. ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಚೀನದ ಶಾಂಡಾಂಗ್ ಪ್ರಾಂತದಲ್ಲಿ ಅನೇಕ ಸ್ತ್ರೀಯರು ಮನೆಯಲ್ಲಿ ಕುಳಿತು ಮನುಷ್ಯರ ಕೂದಲಿನಿಂದಲೇ ಬಲೆ ಹೆಣೆಯುತ್ತಿದ್ದರು. ಯೂರೋಪು ಅಮೆರಿಕಗಳ ಸ್ತ್ರೀಯರ ಕೂದಲಿಗೆ ಹೊಂದುವ ಬಣ್ಣಗಳಲ್ಲಿ ತಯಾರಾದ ಆ ಬಲೆ ತುರುಬಿನ ಮೇಲೆ ಹಾಕಿದರೆ ಇದ್ದೂ ಇಲ್ಲದಂತಿರುತ್ತಿತ್ತು. 1920ರ ದಶಕದಲ್ಲಿ ಪಾಶ್ಚಾತ್ಯ ತರುಣಿಯರು ಕೂದಲನ್ನು ಕಿವಿಯವರೆಗೆ ಕತ್ತರಿಸಿ ‘ಬಾಬ್’ ಮಾಡಿಕೊಂಡರು. ತುರುಬೇ ಇಲ್ಲದ ಮೇಲೆ ಬಲೆಗೇನು ಕೆಲಸ? ದೂರದ ನಗರಗಳ ಕತ್ತರಿಯ ಸದ್ದಿಗೆ ಚೀನದ ಹಳ್ಳಿಗಳ ದುಡಿಮೆ ಕುಗ್ಗಿಹೋಯಿತು. ಬಲೆಯನ್ನು ಕೆಡವಿದ ಅದೇ ಬಾಬ್ ತನ್ನ ಹೆಸರನ್ನು ‘ಬಾಬಿ ಪಿನ್ನಿ’ಗೆ ಕೊಟ್ಟು ಅದನ್ನು ಮೇಲಕ್ಕೆತ್ತಿತು. ಕಪ್ಪು ಬಣ್ಣ ಬಳಿದ ಆ ಪುಟ್ಟ ತಂತಿ ಇಂದಿಗೂ ಎಲ್ಲ ಮನೆಗಳ ಕನ್ನಡಿಯ ಮುಂದಿದೆ. ಅದರ ಒಂದು ಕಾಲು ನೇರ, ಇನ್ನೊಂದು ಅಲೆಅಲೆ. ಅಲೆಯುಳ್ಳ ಕಾಲು ಅಂದವಾಗಿದೆಯೆಂದು ಅದನ್ನು ಮೇಲೆ ಮಾಡಿ ಸಿಕ್ಕಿಸಿಕೊಳ್ಳುವವರೇ ಹೆಚ್ಚು. ಕೂದಲನ್ನು ಹಿಡಿಯುವುದು ಆ ಅಲೆಗಳೇ ಆದುದರಿಂದ ಅವು ನೆತ್ತಿಯ ಕಡೆಗಿರಬೇಕು. ಹಾಗೆ ಮಾಡಿದರೆ ಪಿನ್ನು ಜಾರುವುದೂ ಇಲ್ಲ, ಕಾಣುವುದೂ ಇಲ್ಲ.

ಕೂದಲಿನಲ್ಲಿ ಅಡಗಿಹೋಗುವ ಈ ವಸ್ತುಗಳ ಹಿಂದೆ ಅಡಗಿಹೋದ ಮನುಷ್ಯರೂ ಇದ್ದಾರೆ. ತಿರುಮಲೆಯ ಕಲ್ಯಾಣಕಟ್ಟೆಯಲ್ಲಿ ಭಕ್ತರು ಹರಕೆಯಾಗಿ ಮುಡಿ ಕೊಡುತ್ತಾರೆ. ದೇವಸ್ಥಾನದವರು ಅದನ್ನು ಉದ್ದಕ್ಕನುಗುಣವಾಗಿ ವಿಂಗಡಿಸಿ ಹರಾಜು ಹಾಕುತ್ತಾರೆ. 2011ರಲ್ಲಿ ಈ ಹರಾಜು ಅಂತರ್ಜಾಲಕ್ಕೆ ಬಂದಿತು. ಇನ್ನೊಂದು ಬಗೆಯ ಕೂದಲು ಬರುವುದು ಮನೆಮನೆಯ ಬಾಚಣಿಗೆಯಿಂದ. ಬಾಚಿದಾಗ ಬಂದ ಕೂದಲನ್ನು ಉಂಡೆ ಮಾಡಿ ಗೋಡೆಯ ಸಂದಿನಲ್ಲಿಟ್ಟು, ಬೀದಿಯಲ್ಲಿ ಕೂಗುತ್ತ ಬರುವವನಿಗೆ ಕೊಟ್ಟು ಪಾತ್ರೆಯನ್ನೋ ಪಿನ್ನನ್ನೋ ಕೊಳ್ಳುವ ವಾಡಿಕೆ ಹಳೆಯದು. ಆ ಉಂಡೆಗಳಲ್ಲಿ ಎಷ್ಟೋ ಪಾಲು ಕೊನೆಗೆ ಸೇರುವ ಊರುಗಳಲ್ಲಿ ಒಂದು, ಕೊಪ್ಪಳ ಪಟ್ಟಣಕ್ಕೆ ಅಂಟಿಕೊಂಡಿರುವ ಭಾಗ್ಯನಗರ. ಅಲ್ಲಿ ಸಿಕ್ಕುಗಟ್ಟಿದ ಉಂಡೆಗಳನ್ನು ಕೈಯಿಂದ ಬಿಡಿಸಿ, ತೊಳೆದು, ಉಕ್ಕಿನ ಮೊನೆಗಳನ್ನು ನೆಟ್ಟ ಹಲಗೆಯ ಮೇಲೆ ಎಳೆದೆಳೆದು ಹದಮಾಡಿ, ಉದ್ದವನ್ನು ನೋಡಿ ಕಟ್ಟು ಕಟ್ಟುತ್ತಾರೆ. ಬಿಡಿಸುವ ಕೈಗಳು ಬಹುಮಟ್ಟಿಗೆ ಹೆಂಗಸರವು. ಸಂಸ್ಕರಿಸದ ಕೂದಲು ಕಳ್ಳದಾರಿಯಿಂದ ಹೊರದೇಶಗಳಿಗೆ ಸಾಗಿಹೋಗಿ ಇಂಥ ಊರುಗಳ ಕೆಲಸ ತಪ್ಪುತ್ತಿದೆಯೆಂಬ ದೂರು ಹೆಚ್ಚಿದಾಗ, 2022ರ ಜನವರಿಯಲ್ಲಿ ಭಾರತ ಸರ್ಕಾರ ಅಂಥ ಕೂದಲಿನ ರಫ್ತನ್ನು ನಿರ್ಬಂಧಿಸಿತು. ಕೂದಲನ್ನು ಕೊಟ್ಟವಳಿಗೆ ಮುಡಿಯುವವಳು ಯಾರೆಂದು ಗೊತ್ತಿಲ್ಲ. ಮುಡಿದವಳಿಗೆ ಬಿಡಿಸಿದವಳು ಯಾರೆಂದು ಗೊತ್ತಿಲ್ಲ.

ಈ ಅಲಂಕಾರದಲ್ಲಿ ಅಪಾಯವೇ ಇಲ್ಲವೆಂದಲ್ಲ. ಕೂದಲನ್ನು ಸದಾ ಬಿಗಿಯಾಗಿ ಎಳೆದು ಕಟ್ಟುವುದರಿಂದ ಹಣೆಯಂಚಿನ ಕೂದಲು ಉದುರಿಹೋಗುವುದನ್ನು ಗ್ರೀನ್‌ಲೆಂಡಿನ ಸ್ತ್ರೀಯರಲ್ಲಿ ಕಂಡು 1907ರಷ್ಟು ಹಿಂದೆಯೇ ವರ್ಣಿಸಲಾಗಿದೆ. ಭಾರವಾದ ಚೌರಿಯನ್ನೋ ಬಿಗಿಯಾದ ಕ್ಲಿಪ್ಪನ್ನೋ ದಿನವೆಲ್ಲ ಹೊತ್ತ ಕೂದಲಿನ ಬುಡಕ್ಕೂ ಇದೇ ಗತಿ. ಇರುವ ಕೂದಲನ್ನು ಕಳೆದು ಇಲ್ಲದ ಕೂದಲನ್ನು ತೋರಿಸುವ ವಸ್ತುವನ್ನು ಒಳ್ಳೆಯ ವಸ್ತುವೆನ್ನಲಾಗದು. ನೆತ್ತಿ ನೋಯತೊಡಗಿದರೆ ಚೌರಿಯನ್ನು ತೆಗೆದಿಡಬೇಕೆಂದೇ ಅರ್ಥ.

ಆದರೆ ಇದೆಲ್ಲ ಬರಿಯ ಒಯ್ಯಾರದ ಮಾತಲ್ಲವೆಂಬುದು ಮನೆಗೆ ಕಾಯಿಲೆ ಬಂದಾಗ ತಿಳಿಯುತ್ತದೆ. ಕ್ಯಾನ್ಸರಿಗೆ ಕೊಡುವ ಔಷಧಗಳಲ್ಲಿ ಕೆಲವು ಕೂದಲಿನ ಬುಡವನ್ನೂ ಘಾಸಿಗೊಳಿಸುತ್ತವೆ. ಚಿಕಿತ್ಸೆ ತೊಡಗಿದ ಎರಡು ಮೂರು ವಾರಗಳಲ್ಲಿ ಕೂದಲು ಕಂತೆಕಂತೆಯಾಗಿ ಕಳಚಿ ಬರತೊಡಗುತ್ತದೆ. ಬಹುಮಟ್ಟಿಗೆ ಅದು ಮತ್ತೆ ಬೆಳೆಯುವುದಾದರೂ ನಡುವಣ ತಿಂಗಳುಗಳನ್ನು ದಾಟಬೇಕಲ್ಲ! ತಾಯಿ ಅಡಿಗೆಮನೆಗೆ ಬಂದಾಗ ಮಗು ಬೆಚ್ಚಬಾರದು. ತರಕಾರಿ ಅಂಗಡಿಯವನು ಕನಿಕರದಿಂದ ನೋಡಬಾರದು. ಅವಳಿಗೆ ಬೇಕಾದುದು ಸೌಂದರ್ಯವಲ್ಲ. ನಿನ್ನೆಯಂತೆಯೇ ಇಂದೂ ಇದ್ದೇನೆಂದು ತೋರಿಸಿಕೊಳ್ಳುವ ನೆಮ್ಮದಿ. ಇಂಥವರಿಗಾಗಿ ಮಾಡುವ ಟೋಪನ್ನಿನಲ್ಲಿ ತೆಳುವಾದ ಬಲೆಬಟ್ಟೆಯ ಮೇಲೆ ಸಣ್ಣ ಕೊಕ್ಕೆಯಿಂದ ಕೂದಲನ್ನು ಗಂಟುಹಾಕುತ್ತಾರೆ. ಹಣೆಯಂಚಿನಲ್ಲಿ ಒಂದೊಂದೇ ಎಳೆ, ವಿರಳವಾಗಿ. ಹಿಂದೆ ಹೋಗುತ್ತ ಒತ್ತಾಗಿ. ಹಣೆಯ ಗೆರೆ ನೇರವಾಗಿದ್ದರೆ ಟೋಪಿಯಂತೆ ಕಾಣುತ್ತದೆ. ಕೊಂಚ ಅಂಕುಡೊಂಕಾಗಿದ್ದರೆ ತಲೆಯಂತೆ ಕಾಣುತ್ತದೆ.

ಇಂಥ ಮನೆಗಳಲ್ಲಿ ನೆನಪಿಡಬೇಕಾದ ಸಂಗತಿಯೊಂದುಂಟು. ಬಣ್ಣ, ಬೈತಲೆ, ಹಣೆಯ ಗೆರೆ ಇವನ್ನು ಗುರುತಿಸಿ ಅಳತೆ ಕೊಡುವುದು ಚಿಕಿತ್ಸೆಗೆ ಮೊದಲೇ, ಕೂದಲು ಇರುವಾಗಲೇ ಆಗಬೇಕು. ಉದುರಿದ ಮೇಲೆ ನೆನಪಿನಿಂದ ಮಾಡಿದುದು ಅವಳ ಕೂದಲಾಗುವುದು ಕಷ್ಟ. ಟೋಪನ್ ಬೇಡ, ಸೆರಗೇ ಸಾಕು, ಇಲ್ಲವೆ ಬರಿದಲೆಯೇ ಇರಲಿ ಎಂದು ಅವಳು ಹೇಳಿದರೆ ಅದೂ ಸರಿಯೇ. ನಿರ್ಧಾರ ಅವಳದು, ಮನೆಯವರದಲ್ಲ.

ಆರೋಗ್ಯವಂತ ತರುಣಿಯರು ಇಂಥವರಿಗೆಂದು ಕೂದಲನ್ನು ದಾನಮಾಡುವುದು ಈಚೆಗೆ ಹೆಚ್ಚುತ್ತಿದೆ. ಒಂದು ಅಡಿ ಉದ್ದದ ಕೂದಲೆಂದರೆ ಎರಡು ವರ್ಷಕ್ಕೂ ಮೇಲ್ಪಟ್ಟ ಬೆಳೆ, ಅದು ವ್ಯರ್ಥವಾಗಬಾರದು. ಕತ್ತರಿಸಿ ನೆಲಕ್ಕೆ ಬೀಳಿಸಿ ಗುಡಿಸಿ ತಂದರೆ ಬುಡ ಯಾವುದು, ತುದಿ ಯಾವುದು ಎಂದು ಯಾರೂ ಬಿಡಿಸಲಾರರು. ತೊಳೆದು ಚೆನ್ನಾಗಿ ಒಣಗಿಸಿ, ಜಡೆ ಹೆಣೆದು, ಬುಡದಲ್ಲೊಂದು ತುದಿಯಲ್ಲೊಂದು ಕಟ್ಟು ಬಿಗಿದು, ಬುಡದ ಕಟ್ಟಿಗಿಂತ ಮೇಲೆ ಕತ್ತರಿಸಿ, ಜಡೆಯನ್ನು ಜಡೆಯಾಗಿಯೇ ಕೊಡಬೇಕು.